ತಲೆಯ ಮೇಲೆ ಎರೆದ ನೀರು

ಜಲರೂಪದಲ್ಲಿ ನಮ್ಮನ್ನು ಪೊರೆಯುವ ಭಗವಂತನಿಗೆ ಮೊದಲು ನಮಸ್ಕಾರ. ನನ್ನ ಅಜ್ಞಾನವನ್ನು ನಗುನಗುತ್ತಲೇ ತಿದ್ದಿದ ತಾಯಿಯೊಬ್ಬಳಿಗೆ ಅನಂತರ.

ಐವತ್ತರ ದಶಕದ ಕೊನೆಯಲ್ಲಿ ನಾನು ಯಲಹಂಕದ ಶಾಲೆಯೊಂದರಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದೆ. ಒಂದು ಕಾರ್ತಿಕದಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಪುಟ್ಟೇನಹಳ್ಳಿ ಕೆರೆಯಂಚಿನಿಂದ ತಂದ ಗಿಡವೊಂದನ್ನು ಕುಂಡದಲ್ಲಿಟ್ಟು ನನ್ನ ವಶಕ್ಕೆ ಒಪ್ಪಿಸಿದರು. ರೂಪಾಯಿಯಗಲದ ಕೆಂಪು ಗಿಡ. ಎಲೆಯ ಕೂದಲುಗಳ ತುದಿಯಲ್ಲಿ ಅಂಟಿನ ಹನಿಗಳು. ಅದಕ್ಕೆ ಸಿಕ್ಕಿಕೊಂಡ ನೊಣವೇ ಅದರ ಆಹಾರ. ತಾಯಿಗೆ ಕಾಯಿಲೆಯೆಂದು ಅವರು ಊರಿಗೆ ಹೊರಟಿದ್ದರು.

"ಬಂದ್ಮೇಲೆ ಮಕ್ಕಳಿಗೆ ತೋರಿಸ್ಬೇಕು. ಬದುಕಿಸಿಡಿ ಸ್ವಾಮಿ," ಎಂದರು. ನೀರಿನ ವಿಷಯವನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಹುಳ ತಿನ್ನುವುದನ್ನು ತುಳಸಿಯ ಬಳಿ ಇಡಲು ಮನಸ್ಸೊಪ್ಪದೆ ಬಾವಿಕಟ್ಟೆಯ ಮೇಲಿಟ್ಟೆ. ಉಪಚಾರದಲ್ಲಿ ಮಾತ್ರ ಭೇದವೆಣಿಸದೆ, ತುಳಸಿಗೆ ಎರೆದಂತೆಯೇ ಎರಡು ಹೊತ್ತೂ ಬಾವಿಯ ನೀರನ್ನು ಮಂತ್ರಸಹಿತವಾಗಿ ತಲೆಯ ಮೇಲೆ ಎರೆದೆ. ನಾಲ್ಕನೆಯ ದಿನಕ್ಕೆ ಹನಿಗಳು ಮಾಯವಾಗಿ ಎಲೆಗಳಂಚು ಕಪ್ಪಾಯಿತು. ಬಾಡಿತೆಂದು ಇನ್ನೊಂದು ಚೊಂಬು ಎರೆದೆ.

ಹಾಲು ತಂದವಳು ಅದನ್ನು ಕಂಡು ನಕ್ಕಳು. ಅವಳ ಹೊಲವಿದ್ದದ್ದು ಆ ಕೆರೆಯ ಪಕ್ಕದಲ್ಲೇ.

"ಅಯ್ನೋರೆ, ಇದೇನು ಈಸ್ವರನ ಲಿಂಗಾನಾ, ತಲೆ ಮ್ಯಾಲ್ ಉಯ್ಯಾಕೆ? ಕೆರೆ ಅಂಚ್ನಾಗೆ ಇದ್ರ ಕಾಲು ಮಾತ್ರ ನೆನೀತದೆ, ಅದೂ ಮಳೆ ನೀರ್ನಾಗೆ. ನಿಮ್ ಬಾವಿ ಸವುಳು ನೀರ್ಗೆ ಬ್ಯಾಳೇನೇ ಬೇಯಾಕಿಲ್ಲ!"

"ಮತ್ತೆ ಯಾವಾಗಮ್ಮ ಹಾಕೋದು?"

"ಕುಂಡಾನ ತಟ್ಟೇಲಿ ಮಡಗಿ. ತಟ್ಟೆ ನೀರು ಮುಗೀತಾ ಬಂದ್ರೆ ತಟ್ಟೆಗೇ ಉಯ್ರಿ. ಮಣ್ಣು ಮುಟ್ಟಿದ್ರೆ ತಣ್ಣಗಿರ್ಬೇಕು, ಅಷ್ಟೇ."

ಮರುದಿನ ಹಾಲಿನ ಜೊತೆ ಒಂದು ಚೊಂಬು ಕೆರೆಯ ನೀರನ್ನೂ ತಂದಳು. ನನ್ನ ಹೆಂಡತಿ, "ಏನೇ, ಇವತ್ತು ಹಾಲು ಬೇರೆ, ನೀರು ಬೇರೆ ತಂದಿದ್ದೀಯಾ?" ಎಂದು ಕೆಣಕಿದಳು.

"ದಿನಾ ತರೋದೇ ಕಣವ್ವಾ. ಇವತ್ತು ಬೆರ್ಸಾದ್ ಮರ್ತೋಯ್ತು!"

ಅಂದಿನಿಂದ ಸಂಧ್ಯಾವಂದನೆ ಮುಗಿಸಿ ಮೊದಲು ಮಣ್ಣನ್ನು ಮುಟ್ಟಿ ನೋಡುತ್ತಿದ್ದೆ. ತಣ್ಣಗಿದ್ದು, ತಟ್ಟೆಯಲ್ಲಿ ನೀರಿದ್ದರೆ ಚೊಂಬನ್ನು ಹಾಗೆಯೇ ಕೆಳಗಿಡುತ್ತಿದ್ದೆ. ಕೈ ಕಟ್ಟಿ ನಿಲ್ಲುವುದು ನನಗೆ ಎರೆಯುವುದಕ್ಕಿಂತ ಕಷ್ಟವಾಗಿತ್ತು. ಹಳೆಯ ಎಲೆಗಳು ಉಳಿಯಲಿಲ್ಲ. ಮೇಷ್ಟ್ರು ಹಿಂದಿರುಗಿದ ದಿನ ನಡುವಿನ ಎಳೆಯ ಎಲೆಯೊಂದರಲ್ಲಿ ಹನಿ ಮೂಡಿತ್ತು. ಅದರಲ್ಲೊಂದು ಸಣ್ಣ ನೊಣವೂ ಇತ್ತು. ನಾನು ತಪ್ಪೊಪ್ಪಿಕೊಂಡೆ.

"ಹೇಳ್ದೇ ಹೋದದ್ದು ನಾನಲ್ವೇ ಸ್ವಾಮಿ," ಎಂದು ಅವರು ಕುಂಡವನ್ನು ತಟ್ಟೆಯ ಸಮೇತ ಎತ್ತಿಕೊಂಡರು.

ಆ ಮೇಷ್ಟ್ರ ಮನೆತನ ಚೆನ್ನಾಗಿರಲಿ. ಹಾಲಿನವಳ ಕೊಟ್ಟಿಗೆ ತುಂಬಿರಲಿ. ಅವಳ ಕೆರೆ ಬತ್ತದಿರಲಿ. ಆ ನೊಣಕ್ಕೂ ಸದ್ಗತಿಯಾಗಲಿ.