ಜೀಪು ಬಿಟ್ಟು ಬಸ್ಸಿನಲ್ಲಿ ಹೋದ ಎಂಜಿನಿಯರು

ದೊಡ್ಡ ಸೇತುವೆ ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಸೇತುವೆಯಿಲ್ಲದ ಹೊಳೆಯನ್ನು ಜನ ಕ್ಷೇಮವಾಗಿ ದಾಟುವಂತೆ ನೋಡಿಕೊಂಡವರಿಗೆ ಅಂಥ ಕಲ್ಲು ದೊರೆಯುವುದಿಲ್ಲ. ಮೂವತ್ತೈದು ವರ್ಷ ಈ ಎರಡನೆಯ ಬಗೆಯ ಸೇವೆ ಸಲ್ಲಿಸಿ ಇದೀಗ ನಿವೃತ್ತರಾಗುತ್ತಿರುವ ಶ್ರೀಮತಿ ಜಲಜಾಕ್ಷಿಯವರಷ್ಟು ನಮ್ಮ ಸೀಮೆಯ ಕಡವುಗಳನ್ನು, ಅಂದರೆ ದೋಣಿಯಲ್ಲಿ ಹೊಳೆ ದಾಟುವ ಜಾಗಗಳನ್ನು, ಬಲ್ಲ ಎಂಜಿನಿಯರು ಮತ್ತೊಬ್ಬರಿಲ್ಲ.

ತೀರ್ಥಹಳ್ಳಿಯ ಮೇಷ್ಟರೊಬ್ಬರ ಮಗಳಾದ ಅವರು ೧೯೯೦ರಲ್ಲಿ ಹೊಸನಗರದ ಕಚೇರಿಗೆ ಬಂದಾಗ, ಯಾರಿಗೂ ಬೇಡವಾಗಿದ್ದ ಕಡವುಗಳ ವಾರ್ಷಿಕ ತಪಾಸಣೆ ಅವರ ಪಾಲಿಗೆ ಬಂತು. ಹೊಸನಗರ, ಸಾಗರ ತಾಲ್ಲೂಕುಗಳ ಗಡಿಯಾಗಿ ಹೊಳೆ ಹರಿಯುವ ಮಾವಿನಕೊಡ್ಲಿನಲ್ಲಿ, ಎರಡು ದೋಣಿಗಳನ್ನು ಜೋಡಿಸಿ ಹಲಗೆ ಹಾಸಿದ ಹಳೆಯ ಜಂಗಲ್ ಒಂದಿತ್ತು. ದಡದಿಂದ ದಡಕ್ಕೆ ಬಿಗಿದ ಹಗ್ಗವನ್ನು ಕೈಯಲ್ಲೇ ಎಳೆದು ಕನ್ನಪ್ಪನವರು ಅದನ್ನು ದಾಟಿಸುತ್ತಿದ್ದರು. ಹಿಂದಿನ ಅಧಿಕಾರಿಗಳು ದಡದಲ್ಲೇ ನಿಂತು ಸಹಿ ಹಾಕುತ್ತಿದ್ದರಂತೆ. ಜಲಜಾಕ್ಷಿಯವರು ಮಾತ್ರ ನೆರಿಗೆ ಎತ್ತಿ ಸಿಕ್ಕಿಸಿ ದೋಣಿಯೊಳಗಿಳಿದು, ಒಂದೊಂದು ಹಲಗೆಯನ್ನೂ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಿದ್ದರು.

೨೦೧೪ರ ಜನವರಿಯಲ್ಲಿ ಒಂದು ಕಡೆ ಸದ್ದು ಮೆತ್ತಗೆ ಬಂತು. ಡಾಂಬರು ಕೆರೆದು ನೋಡಿದರೆ ಮರ ಬೆರಳಿಗೆ ಪುಡಿಯಾಗಿ ಉದುರಿತು. ಜಂಗಲ್ ನಿಲ್ಲಿಸುವಂತೆ ಅವರು ಅಲ್ಲೇ ಆದೇಶ ಬರೆದರು.

ಕನ್ನಪ್ಪನವರಿಗೆ ಸಿಟ್ಟು ತಡೆಯಲಾಗಲಿಲ್ಲ. "ನಿಮ್ಗೇನಮ್ಮ, ಸೈನ್ ಹಾಕಿ ಜೀಪ್ ಹತ್ತಿ ಹೋಗ್ತೀರಿ. ನಮ್ಮೂರ ಯಮುನಮ್ಮಂಗೆ ವಾರಕ್ಕೆ ಎರಡ್ ಸಲ ಡಯಾಲಿಸಿಸ್ಸಿಗೆ ಸಾಗರಕ್ಕೆ ಹೋಗ್ಬೇಕು. ಸುತ್ತು ದಾರಿ ಐವತ್ತು ಕಿಲೋಮೀಟ್ರು, ಆ ದಾರೀಲಿ ಬಸ್ಸಿಲ್ಲ. ನೀವೇ ಹೊತ್ಕಂಡು ಹೋಗಿ."

ಜಲಜಾಕ್ಷಿಯವರಿಗೆ ಆ ಮಾತು ನಾಟಿತು. ಆದರೂ ಆದೇಶದ ಕಾಗದವನ್ನು ಅವರು ಹಿಂತೆಗೆದುಕೊಳ್ಳಲಿಲ್ಲ.

"ಹೊತ್ಕಂಡು ಹೋಗಕ್ಕಾಗಲ್ಲ ಕನ್ನಪ್ಪ. ಜೀಪ್ ಬಿಟ್ಟು ಹೋಗ್ತೀನಿ," ಎಂದರು.

ಚಾಲಕ ಪೂರ್ಣೇಶನನ್ನು ಅಲ್ಲೇ ಉಳಿಸಿ, ತಾವು ಮೂರು ಮೈಲಿ ನಡೆದು ಹೊಸನಗರದ ಬಸ್ಸು ಹಿಡಿದರು. ಎಂಟು ದಿನ ಆ ಜೀಪು ಯಮುನಮ್ಮನವರನ್ನೂ ಶಾಲೆಯ ಮಕ್ಕಳನ್ನೂ ಸುತ್ತು ದಾರಿಯಲ್ಲಿ ಹೊತ್ತು ತಿರುಗಿತು. ಜಲಜಾಕ್ಷಿಯವರು ದಿನವೂ ಬಸ್ಸಿನಲ್ಲಿ ಬಂದು, ಬಡಗಿಗಳ ಪಕ್ಕದಲ್ಲಿ ನಿಂತು ಹಲಗೆ ಬದಲು ಮಾಡಿಸಿದರು. ಒಂಬತ್ತನೆಯ ದಿನ ಜಂಗಲ್ ನೀರಿಗಿಳಿದಾಗ ಮೊದಲು ಹತ್ತಿದವರೂ ಅವರೇ.

ಈ ನಡುವೆ, ಮೂರನೆಯ ದಿನವೇ ಮೇಲಿನ ಕಚೇರಿಯಿಂದ ನೋಟಿಸು ಬಂದಿತ್ತು: ಸರ್ಕಾರಿ ಜೀಪು ಖಾಸಗಿಯವರನ್ನು ಸಾಗಿಸುತ್ತಿರುವುದು ಯಾರ ಅನುಮತಿಯಿಂದ? 'ನನ್ನದೇ' ಎಂದು ಅವರು ಒಂದೇ ಪದದ ಉತ್ತರ ಬರೆದರು. ಇದರಿಂದ ಅವರ ಬಡ್ತಿ ಎರಡು ವರ್ಷ ಮುಂದಕ್ಕೆ ಹೋಯಿತು. ವಿಷಯ ಗೊತ್ತಿದ್ದ ಪೂರ್ಣೇಶನ ಬಾಯಿಗೂ ಬೀಗ ಹಾಕಿಸಿದ್ದರು.

ಕಳೆದ ತಿಂಗಳು, ತಮ್ಮ ಜಾಗಕ್ಕೆ ಬರಲಿರುವ ದೀಪಶ್ರೀಯವರನ್ನು ಕರೆದುಕೊಂಡು ಅವರು ಕಡವಿಗೆ ಕೊನೆಯ ಭೇಟಿ ಕೊಟ್ಟರು. ಅಷ್ಟು ಹೊತ್ತಿಗೆ ಪೂರ್ಣೇಶ ನೋಟಿಸಿನ ವಿಷಯವನ್ನೆಲ್ಲ ಕನ್ನಪ್ಪನವರಿಗೆ ಹೇಳಿಬಿಟ್ಟಿದ್ದ.

"ಊರವ್ರೆಲ್ಲ ಸೇರಿ ಒಂದ್ ಅರ್ಜಿನಾದ್ರೂ ಕೊಡ್ತಿದ್ವಿ. ಯಾಕಮ್ಮ ಹೇಳ್ಲಿಲ್ಲ?" ಎಂದು ಕನ್ನಪ್ಪನವರು ಕೇಳಿದರು.

"ಹೇಳಿದ್ರೆ ಯಮುನಮ್ಮ ಜೀಪ್ ಹತ್ತೋದೇ ಬಿಡ್ತಿದ್ರು," ಎಂದರು ಜಲಜಾಕ್ಷಿಯವರು.

ಯಮುನಮ್ಮನವರು ಆಮೇಲೆ ಆರು ವರ್ಷ ಬದುಕಿದ್ದರು.

ಬರುವ ವರ್ಷದ ತಪಾಸಣೆಗೂ ಜೊತೆಗೆ ಬರಬೇಕೆಂದು ದೀಪಶ್ರೀಯವರು ಕೇಳಿಕೊಂಡಿದ್ದಾರೆ, ಜಲಜಾಕ್ಷಿಯವರು ಒಪ್ಪಿದ್ದಾರೆ. ಆ ವರ್ಷಕ್ಕೂ, ಅದರಾಚೆಯ ಅನೇಕ ವರ್ಷಗಳಿಗೂ ಅವರ ಕಾಲಿಗೆ ಬಲವೂ ಕಿವಿಗೆ ಚುರುಕೂ ಉಳಿದಿರಲಿ. ಹೊಳೆಯ ಎರಡೂ ದಡದವರು ಅವರನ್ನು ಬಹುಕಾಲ ಹೀಗೆಯೇ ಎದುರುಗೊಳ್ಳುವಂತಾಗಲಿ.