ಹಾಲಿನ ಡೇರಿಯಲ್ಲಿ ಸೋತ ಚೆಸ್ಸು

ಆನ್‌ಲೈನ್ ಚೆಸ್ ಆಡುತ್ತಾ ಆರು ವರ್ಷವಾಯಿತು. ರೇಟಿಂಗು ಮಾತ್ರ ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ನಿಂತಲ್ಲೇ ನಿಂತಿದೆ. ಉಮ್ಮತ್ತೂರಿನ ಡೇರಿಯಲ್ಲಿ ಹಾಲು ಪರೀಕ್ಷಿಸುವುದು ನನ್ನ ಕೆಲಸ. ಅವತ್ತು ಬೆಳಿಗ್ಗೆ ಡೇರಿಯಲ್ಲೇ ಮೊಬೈಲಿನಲ್ಲಿ ಮೂರು ಆಟ ಸೋತು, ಉಸಿರು ಬಿಡದೆ ನಾಲ್ಕನೆಯದು ಶುರು ಮಾಡಿದ್ದೆ. ಹಾಲು ತಂದಿದ್ದ ಚಿಕ್ಕತಾಯಮ್ಮ ನೋಡುತ್ತಾ ನಿಂತಿದ್ದರು.

"ಯಾಕ್ ಸೋತೆ ಅಂತ ನೋಡಾಕಿಲ್ವಾ?"

"ಅದಕ್ಕೆಲ್ಲ ಟೈಮಿಲ್ಲ ಕಣವ್ವ!" ರೇಗಿದೆ.

"ನಮ್ಮಾಲಿಗೆ ಫ್ಯಾಟ್ ಕಮ್ಮಿ ಬಂದ್ರೆ, ದನಕ್ಕೆ ಯಾವ ಉಲ್ಲು ಆಕ್ದೆ, ಏಟು ಇಂಡಿ ಆಕ್ದೆ ಅಂತ ನಿಲ್ಲಿಸ್ಕಂಡು ಕೇಳ್ತೀಯಲ್ಲಪ್ಪ, ಅದ್ಕೆ ಟೈಮ್ ಅದಾ?"

ಮೈ ಉರಿಯಿತು. ಮನೆಗೆ ಹೋಗಿ ಸೋತ ಆಟಗಳನ್ನು ತೆಗೆದು ನೋಡಿದೆ. ಮೂರರಲ್ಲೂ ಆತುರಕ್ಕೆ ರಾಣಿಯನ್ನು ಮುಂದೆ ನುಗ್ಗಿಸಿ ಕಳೆದುಕೊಂಡಿದ್ದೆ.

ಮಾರನೆಯ ದಿನ ಚಿಕ್ಕತಾಯಮ್ಮನ ಹಾಲಿಗೆ ಫ್ಯಾಟು ಕಮ್ಮಿ ಬಂತು. ಯಾಕೆ ಎಂದು ಕೇಳಲು ಬಾಯಿ ತೆರೆದೆ.

"ಮೊದ್ಲು ನೀನ್ ಯಾಕ್ ಸೋತೆ ಯೋಳು," ಎಂದರು.

ಚೀಟಿ ಬರೆದುಕೊಟ್ಟು, ಮುಂದಿನವರನ್ನು ಕರೆದೆ.