ಉಡಿಯಲ್ಲಿ ಕೂತ ಫೋಟೋ

ನಾವು ಮೂವರು ಅಕ್ಕತಂಗಿಯರು ಚಿಕ್ಕಂದಿನಲ್ಲಿ ಒಟ್ಟಿಗೆ ಇರುವ ಫೋಟೋ ಒಂದೇ ಒಂದು. ಎಡಗಡೆ ಅಕ್ಕ ನಿಂತಿದ್ದಾಳೆ, ಎರಡು ಜಡೆ, ರಿಬ್ಬನ್ನು. ಬಲಗಡೆ ಹೆತ್ತವ್ವನ ಕಂಕುಳಲ್ಲಿ ತಂಗಿ, ಇನ್ನೂ ಕೂಸು. ನಡುವೆ ನಾನು. ಹೊಸ ಲಂಗ, ಕೊರಳಲ್ಲಿ ಹೂವಿನ ಹಾರ, ಕೈಯಲ್ಲಿ ನನಗೆ ಹಿಡಿಯಲಾಗದಷ್ಟು ದೊಡ್ಡ ತೆಂಗಿನಕಾಯಿ. ಕೂತಿರುವುದು ದೊಡ್ಡವ್ವನ ತೊಡೆಯ ಮೇಲೆ.

ದೊಡ್ಡವ್ವ ಎಂದರೆ ಹೆತ್ತವ್ವನ ಅಕ್ಕ. ಬನಹಟ್ಟಿಯ ನೇಕಾರರ ಮನೆಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ನಮ್ಮ ಜಮಖಂಡಿ ಮನೆಯಲ್ಲಿ ಮೂರನೆಯದೂ ಹೆಣ್ಣಾದ ಮೇಲೆ ಹಿರಿಯರು ಕೂತು ಮಾತಾಡಿ ನಡುವಿನವಳಾದ ನನ್ನನ್ನು ಆಕೆಯ ಉಡಿಯಲ್ಲಿ ಹಾಕಿದರು. ನಮ್ಮ ಕಡೆ ದತ್ತಕ ಕೊಡುವುದು ಹೀಗೆಯೇ. ಕಾಗದಪತ್ರ ಇಲ್ಲ. ತೆಗೆದುಕೊಳ್ಳುವವಳು ಸೆರಗು ಚಾಚಿ ಕೂಡುತ್ತಾಳೆ, ಅದರಲ್ಲಿ ಖಣ, ಕಾಯಿ, ಅಕ್ಕಿ ಹಾಕುತ್ತಾರೆ, ಆಮೇಲೆ ಹೆತ್ತವಳು ಮಗುವನ್ನು ಎತ್ತಿ ಅದೇ ಉಡಿಯಲ್ಲಿ ಕೂಡಿಸುತ್ತಾಳೆ. ಊಟವಾಗುತ್ತದೆ. ನನ್ನದೂ ಆಯಿತು. ಸಂಜೆಯ ಬಸ್ಸಿಗೆ ನಾನು ಬನಹಟ್ಟಿಗೆ ಹೋದೆ. ಸಾಲೆಗೆ ಹಚ್ಚುವಾಗ ತಂದೆಯ ಹೆಸರಿನ ಜಾಗದಲ್ಲಿ ದೊಡ್ಡಪ್ಪ ತನ್ನ ಹೆಸರು ಬರೆಸಿದ.

ದೊಡ್ಡವ್ವನನ್ನು ನಾನು ಅವ್ವ ಎಂದೇ ಕರೆದೆ. ಹೆತ್ತವಳು ಜಮಖಂಡಿ ಅವ್ವ ಆದಳು. ಜಮಖಂಡಿ ಮನೆಯವರಿಗೆ ನಾನು ಬನಹಟ್ಟಿಯವಳಾದೆ. ತಂಗಿ ಇವತ್ತಿನವರೆಗೂ ನನ್ನನ್ನು ಬರೀ ಅಕ್ಕ ಎಂದು ಕರೆದಿಲ್ಲ. ಅವಳಿಗೆ ಅಕ್ಕ ಎಂದರೆ ದೊಡ್ಡವಳು. ನಾನು ಬನಹಟ್ಟಿ ಅಕ್ಕ.

ಪಂಚಮಿಗೆ ಜಮಖಂಡಿಗೆ ಹೋದರೆ ನನಗೆ ಮಣೆ ಹಾಕುತ್ತಿದ್ದರು. ಅಕ್ಕ, ತಂಗಿ ನೆಲದ ಮೇಲೆ ಕೂತು ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ನನಗೆ ಮೊದಲು ಬಡಿಸುತ್ತಿದ್ದರು, ಹೆಚ್ಚು ಬಡಿಸುತ್ತಿದ್ದರು, ಹೋಗುವಾಗ ಹೊಸ ಬಟ್ಟೆ ಕೊಡುತ್ತಿದ್ದರು. ಆ ಮಣೆಯನ್ನು ಒದ್ದು ನೆಲಕ್ಕೆ ಕೂಡಬೇಕೆಂದು ಎಷ್ಟೋ ಸಲ ಅನಿಸಿದೆ. ಕೂತಿಲ್ಲ.

ಅಕ್ಕ ಮದುವೆಯಾಗಿ ಅಮೆರಿಕಕ್ಕೆ ಹೋದಳು. ಅಲ್ಲಿಯ ಪೌರತ್ವ ಸಿಕ್ಕ ಮೇಲೆ ನಮ್ಮಿಬ್ಬರ ಹೆಸರಿಗೂ ಅರ್ಜಿ ಹಾಕಿದಳು. ಒಡಹುಟ್ಟಿದವರನ್ನು ಕರೆಸಿಕೊಳ್ಳಲು ಅಲ್ಲಿ ಅವಕಾಶವಿದೆ, ಆದರೆ ಸರದಿ ಬಹಳ ಉದ್ದ. ನಮ್ಮ ಸರದಿ ಬರುವಷ್ಟರಲ್ಲಿ ಜಮಖಂಡಿಯ ಅಪ್ಪ, ಅವ್ವ ಇಬ್ಬರೂ ತೀರಿಕೊಂಡಿದ್ದರು, ಬನಹಟ್ಟಿಯ ದೊಡ್ಡಪ್ಪನೂ. ನನ್ನ ಮಗಳಿಗೆ ಮದುವೆಯಾಗಿ ಅವಳು ಅರ್ಜಿಯಿಂದ ಬಿಟ್ಟುಹೋದಳು. ಉಳಿದವರು ನಾನು, ನನ್ನ ಗಂಡ. ಇಬ್ಬರಿಗೂ ವಯಸ್ಸಾಗುತ್ತಿತ್ತು. ಮದುವೆಯಾದ ಮೇಲೂ ನಾವು ಇದ್ದದ್ದು ದೊಡ್ಡವ್ವನ ಮನೆಯಲ್ಲೇ. ನಮ್ಮವರಿಗೆ ಆ ಮನೆಯ ಹಿಂದಿನ ಶೆಡ್ಡಿನಲ್ಲಿ ಪವರ್‌ಲೂಮ್, ಸೀರೆ ನೇಯುವುದು.

“ಅಲ್ಲಿ ಹೋಗಿ ನಾ ಏನ್ ನೇಯ್ಲಿ? ಅಲ್ಲಿ ಯಾರ ಸೀರಿ ಉಡ್ತಾರ?” ಎಂದು ನಕ್ಕರು. ಆಮೇಲೆ ನನ್ನ ಮುಖ ನೋಡಿ, “ನಿನಗ ಹೋಗೂದೈತಿ ಅಂದ್ರ ನಡಿ” ಎಂದರು.

ನನಗೆ ಹೋಗುವುದಿತ್ತು. ಯಾಕೆ ಎಂದು ಅವರು ಕೇಳಲಿಲ್ಲ, ಕೇಳಿದ್ದರೆ ನಾನು ಹೇಳುತ್ತಿರಲಿಲ್ಲ. ಅಮೆರಿಕ ನನಗೆ ಬೇಕಿರಲಿಲ್ಲ. ಇಂಥವಳು ಇಂಥವಳ ಒಡಹುಟ್ಟಿದ ತಂಗಿ ಎಂದು ಒಂದು ಸರ್ಕಾರ ಒಪ್ಪಿ, ಮುದ್ರೆ ಒತ್ತಿ, ನನ್ನ ಕೈಗೆ ಕೊಡಬೇಕಿತ್ತು. ತಂಗಿಗೆ ಕೊಡುವ ಮುದ್ರೆಯನ್ನೇ ನನಗೂ ಕೊಡಬೇಕಿತ್ತು.

ತೊಡಕು ಗೊತ್ತೇ ಇತ್ತು. ಜನನದ ದಾಖಲೆ ಜಮಖಂಡಿಯದು, ಅದರಲ್ಲಿ ಹೆತ್ತವರ ಹೆಸರು. ಸಾಲೆಯ ದಾಖಲೆ, ಲಗ್ನಪತ್ರಿಕೆ, ರೇಷನ್ ಕಾರ್ಡು, ಎಲ್ಲದರಲ್ಲೂ ದೊಡ್ಡಪ್ಪ. ಮುಧೋಳದ ವಕೀಲರೊಬ್ಬರನ್ನು ಕಂಡೆವು. ಅವರು ಕನ್ನಡಕ ಹಣೆಗೇರಿಸಿ ಎಲ್ಲ ನೋಡಿದರು.

“ದತ್ತಕ ನೋಂದಣಿ ಆಗೇತೇನ್ರಿ?”

“ಇಲ್ರಿ. ಉಡ್ಯಾಗ ಹಾಕ್ಯಾರ ಅಷ್ಟ.”

“ಹಂಗಾದ್ರ ಅದನ್ನ ಬಾಯಿ ಬಿಡಬ್ಯಾಡ್ರಿ. ದತ್ತಕ ಹೋದಾಕಿ ಆ ಮನಿ ಮಗಳಾಗಿ ಉಳ್ಯಾಂಗಿಲ್ಲ, ಅಮೆರಿಕದಾಕಿಗೆ ತಂಗೀನೂ ಆಗಾಂಗಿಲ್ಲ. ಬರೇ ಸಾಕಾಕ ಬಿಟ್ಟಿದ್ರು ಅಂತ ನಿಮ್ಮ ದೊಡ್ಡವ್ವನ ಕಡಿಂದ ಒಂದು ಅಫಿಡವಿಟ್ ಮಾಡಸ್ರಿ.”

ದೊಡ್ಡವ್ವನಿಗೆ ಹೇಗೆ ಹೇಳುವುದೆಂದು ನಾನು ಎರಡು ದಿನ ಒದ್ದಾಡಿದೆ. ಹೇಳಿದಾಗ ಆಕೆ ಶೇಂಗಾ ಸುಲಿಯುವುದನ್ನು ನಿಲ್ಲಿಸಲೇ ಇಲ್ಲ.

“ಏನಂತ ಬರಸ್ತಾರ?”

“ನೀ ನನ್ನ ಮಗಳಂತ ತಗೊಂಡಿಲ್ಲ, ಬರೇ ಸಾಕೀದಿ ಅಂತ.”

“ಬರಸಲಿ. ಕಾಗದದ ಮ್ಯಾಲ ನೀ ಯಾರ ಮಗಳಾದ್ರೂ ಮಧ್ಯಾಹ್ನ ರೊಟ್ಟಿ ನನ್ನ ಕೈಯಾಗಿಂದಽ ತಿಂತಿ. ನಡಿ, ಎಲ್ಲಿ ಸಹಿ ಮಾಡಬೇಕು ತೋರಸು.”

ಮುಧೋಳಕ್ಕೆ ಹೋಗುವ ಬಸ್ಸಿನಲ್ಲಿ ಆಕೆ ಕಿಟಕಿಯ ಹತ್ತಿರ ಕೂತಳು. ದಾರಿ ತುಂಬ ಕಬ್ಬಿನ ಟ್ರ್ಯಾಕ್ಟರುಗಳು, ಬಸ್ಸು ನಿಂತು ನಿಂತು ಹೋಯಿತು. ನೋಟರಿಯ ಮುಂದೆ ಕನ್ನಡಕ ಮರೆತು ಬಂದೆನೆಂದು, ಬರೆದಿದ್ದನ್ನು ಓದಿಸಿ ಕೇಳಿದಳು. “ಮಗಳೆಂದು ಸ್ವೀಕರಿಸಿರುವುದಿಲ್ಲ” ಎಂಬಲ್ಲಿ ಓದುವವನಿಗೆ, “ಇನ್ನೊಮ್ಮೆ ಓದು ತಮ್ಮಾ” ಎಂದಳು. ಅವನು ಓದಿದ. ಆಕೆ ತನ್ನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಬರೆದಳು. ಆ ಹೊತ್ತು ನಾನು ಸಮಾಧಾನಪಟ್ಟೆ. ಕೆಲಸ ಆತು ಎಂದುಕೊಂಡೆ.

ಮುಂಬೈಯ ಅಮೆರಿಕ ಕಚೇರಿಗೆ ವೀಸಾ ಸಂದರ್ಶನಕ್ಕೆಂದು ತಂಗಿಗೂ ನನಗೂ ಒಂದೇ ದಿನದ ಕರೆ ಬಂತು. ತಂಗಿಯ ಮನೆ ಬೀಳಗಿಯಲ್ಲಿ. ಜಮಖಂಡಿಗೆ ಬಂದು ನಮ್ಮ ಬಸ್ಸನ್ನೇ ಹತ್ತಿದಳು, ಅವಳು, ಗಂಡ, ಮಗ. ಅವಳ ಚೀಲದಲ್ಲಿ ಫೋಟೋದ ಆಲ್ಬಮ್ಮುಗಳೇ ಮೂರು. ಚಿಕ್ಕಂದಿನಿಂದ ಜೊತೆಗಿದ್ದ ಸಾಕ್ಷಿ ತನ್ನಿ ಎಂದು ಅಕ್ಕ ಹೇಳಿದ್ದಳು. ತಂಗಿ ಸ್ಲೀಪರ್ ಬಸ್ಸಿನ ಬರ್ತಿನ ಮೇಲೆ ಕಾಲು ಮಡಚಿ ಕೂತು ಒಂದೊಂದೇ ತೋರಿಸಿದಳು. ಅಕ್ಕನ ಜೊತೆ ಅರಮನೆಯ ಮುಂದೆ, ಅಕ್ಕನ ಜೊತೆ ಒಂದೇ ಸೈಕಲ್ ಮೇಲೆ, ಅಕ್ಕ ತನಗೆ ಜಡೆ ಹಾಕುವಾಗ.

“ಈ ಸೈಕಲ್ ನೆನಪೈತೇನ ಬನಹಟ್ಟಿ ಅಕ್ಕಾ? ಬ್ರೇಕ್ ಇರಲಿಲ್ಲ. ಇಬ್ರೂ ಹೋಗಿ ಗಟಾರದಾಗ ಬಿದ್ದಿದ್ವಿ!”

“ನಾ ಇರಲಿಲ್ಲ.”

“ಹೌದಲ್ಲ,” ಎಂದಳು, ಮತ್ತು ನಕ್ಕಳು. ಅವಳ ನಗು ಅಕ್ಕನದೇ. ಕೊನೆಗೆ ಒಮ್ಮೆ ಉಸಿರೆಳೆದುಕೊಂಡು ನಿಲ್ಲಿಸುವುದು ಸಹ. ಅಂಥ ನಗು ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರಿಗೆ ಮಾತ್ರ ಬರುತ್ತದೆ. ನನ್ನ ನಗು ದೊಡ್ಡವ್ವನಂತೆ, ಬಾಯಿ ಮುಚ್ಚಿಕೊಂಡು.

ನನ್ನ ಹತ್ತಿರ ಇದ್ದದ್ದು ಒಂದೇ ಫೋಟೋ. ಬನಹಟ್ಟಿ ಮನೆಯ ಗೋಡೆಯಿಂದ ಚೌಕಟ್ಟು ಸಮೇತ ತೆಗೆದು ತಂದಿದ್ದೆ. ಮೂವರೂ ಅಕ್ಕತಂಗಿಯರಿದ್ದಾರೆ, ಇದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಏನು ಎಂದು ನನ್ನ ಲೆಕ್ಕ. ತಂಗಿ ಅದನ್ನು ಬೆಳಕಿಗೆ ಹಿಡಿದು ನೋಡಿ, ತುಟಿ ಕಚ್ಚಿದಳು.

“ಇದು ನಿನ್ನ ಉಡ್ಯಾಗ ಹಾಕಿದ ದಿನದ್ದಲ್ಲೇನ?”

ಆ ಫೋಟೋ ಯಾವ ದಿನದ್ದೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಅಕ್ಕತಂಗಿಯರನ್ನು ಎಣಿಸುವ ಭರದಲ್ಲಿ ನಾನು ಎಲ್ಲಿ ಕೂತಿದ್ದೇನೆ ಎಂಬುದನ್ನು ನೋಡಿರಲಿಲ್ಲ.

“ಕೇಳಿದ್ರ ಹುಟ್ಟಿದ ಹಬ್ಬ ಅನ್ನು. ಹಾರ ಐತಿ, ಹೊಸಾ ಬಟ್ಟಿ ಐತಿ, ನಂಬ್ತಾರ. ಹುಟ್ಟಿದ ಹಬ್ಬಕ್ಕ ದೊಡ್ಡವ್ವ ಬಂದಿದ್ಲು, ತೊಡಿ ಮ್ಯಾಲ ಕೂಡಿಸ್ಕೊಂಡಿದ್ಲು. ಆತಲ್ಲ?” ಎಷ್ಟು ಸಲೀಸಾಗಿ ಹೇಳಿದಳು. ಅವಳಿಗೆ ಹುಟ್ಟಿದ ಹಬ್ಬಗಳು ಆಗಿದ್ದವು. ಅವುಗಳ ಫೋಟೋ ಆಲ್ಬಮ್ಮಿನಲ್ಲಿತ್ತು.

ಮುಂಬೈಯ ಆ ಕಚೇರಿಯಲ್ಲಿ ಚೌಕಟ್ಟನ್ನು ಬಾಗಿಲಲ್ಲೇ ಬಿಡಿಸಿದರು. ಫೋಟೋ ಮಾತ್ರ ಒಳಗೆ ಬಂತು. ಒಳಗೆ ದೊಡ್ಡ ಹಾಲ್, ಸಾಲು ಕುರ್ಚಿ, ಎದುರಿಗೆ ಗಾಜಿನ ಕಿಟಕಿಗಳು. ಬ್ಯಾಂಕಿನ ಹಾಗೆ ಟೋಕನ್ ಸಂಖ್ಯೆ ಕರೆಯುತ್ತಿದ್ದರು. ಪ್ರತಿಯೊಬ್ಬರ ತೊಡೆಯ ಮೇಲೂ ಪ್ಲಾಸ್ಟಿಕ್ ಕವರಿನಲ್ಲಿ ತಮ್ಮ ತಮ್ಮ ಸಂಸಾರ. ಕಿಟಕಿಗೆ ಹೋದವರು ಬಲಗೈ ಎತ್ತಿ ಪ್ರಮಾಣ ಮಾಡಿ ಮಾತು ಶುರುಮಾಡುತ್ತಿದ್ದರು.

ತಂಗಿಯನ್ನು ಮೊದಲು ಕರೆದರು. ನನಗೆ ಅವಳ ಬೆನ್ನು ಕಾಣುತ್ತಿತ್ತು. ಇಲ್ಲ ಎನ್ನಲಿ ಎಂದು ನಾನು ಬೇಡಿಕೊಂಡೆ. ಇದನ್ನು ಬರೆಯಲು ಕೈ ತಡೆಯುತ್ತದೆ, ಆದರೆ ನಡೆದದ್ದು ಅದು. ಅವಳ ಗಂಡ, ಮಗ ಯಾರೂ ನೆನಪಾಗಲಿಲ್ಲ. ಅವಳಿಗೆ ಇಲ್ಲ ಎಂದು, ನನಗೆ ಹೂಂ ಎಂದು, ಅಕ್ಕನ ಮನೆಯ ಬಾಗಿಲಲ್ಲಿ ನಾನೊಬ್ಬಳೇ ನಿಂತಿರುವುದು ಕಣ್ಣಿಗೆ ಕಟ್ಟಿತು. ಆಗ ಕಿಟಕಿಯ ಹತ್ತಿರ ಅದೇ ನಗು ಕೇಳಿಸಿತು. ತಂಗಿ ತಿರುಗಿ ಬಂದಳು, ಮೂರು ಆಲ್ಬಮ್ಮೂ ಎದೆಗೆ ಒತ್ತಿಕೊಂಡು.

“ಆತು! ಪಾಸಾತು! ಫೋಟೋ ನೋಡಲೇ ಇಲ್ಲ ಬೇ. ಒಂದೂ ತೆಗೀಲಿಲ್ಲ.”

ಹಾಳೆ ತಿರುಗಿಸಿಯೂ ನೋಡದೆ ಅವಳನ್ನು ಒಪ್ಪಿದ್ದರು.

ನಮ್ಮ ಸಂಖ್ಯೆ ಬಂತು. ಗಾಜಿನಾಚೆ ಒಬ್ಬ ಅಧಿಕಾರಿ, ಪಕ್ಕದಲ್ಲಿ ಕನ್ನಡಕ್ಕೆ ಹೇಳುವ ಒಬ್ಬ ಹೆಂಗಸು. ಆಕೆಯದು ಬೆಂಗಳೂರಿನ ಕಡೆಯ ಮೃದುವಾದ ಕನ್ನಡ. ನಾನು, ನಮ್ಮವರು ಕೈ ಎತ್ತಿ ನಿಜ ಹೇಳುತ್ತೇವೆಂದೆವು.

“ನಿಮ್ಮ ಅಕ್ಕ ಬೆಳೆದದ್ದು ಜಮಖಂಡಿಯಲ್ಲಿ. ನೀವು ಬನಹಟ್ಟಿಯಲ್ಲಿ. ಯಾಕೆ ಅಂತ ಕೇಳ್ತಿದ್ದಾರೆ.”

“ದೊಡ್ಡವ್ವ ಸಾಕಿದ್ಲರಿ. ಆಕಿಗೆ ಮಕ್ಕಳಿರಲಿಲ್ಲ.”

ಅಧಿಕಾರಿ ದೊಡ್ಡವ್ವನ ಅಫಿಡವಿಟ್ ಓದಿದ. ತಲೆಯಾಡಿಸಿದ. ಅಲ್ಲಿಗೆ ಮುಗಿದೀತು ಎಂದುಕೊಂಡೆ.

“ಅಕ್ಕನ ಜೊತೆ ಚಿಕ್ಕವರಿದ್ದಾಗಿನ ಫೋಟೋ ಇದೆಯಾ?”

ಗಾಜಿನ ಕೆಳಗಿನ ಸಂದಿಯಿಂದ ಕೊಟ್ಟೆ. ಅವನು ನೋಡಿ, ನನಗೆ ಕಾಣುವಂತೆ ಗಾಜಿಗೆ ಹಿಡಿದು, ನಡುವೆ ಕೂತವಳ ಮೇಲೆ ಬೆರಳಿಟ್ಟ.

“ಇದು ನೀವಾ? ಇದು ಯಾವ ಸಮಾರಂಭ ಅಂತ ಕೇಳ್ತಿದ್ದಾರೆ.”

ಅಷ್ಟು ಹತ್ತಿರದಿಂದ, ಅಷ್ಟು ಬೆಳಕಿನಲ್ಲಿ ನಾನು ಆ ಫೋಟೋವನ್ನು ಎಂದೂ ನೋಡಿರಲಿಲ್ಲ. ಗೋಡೆಯ ಮೇಲೆ ಎತ್ತರದಲ್ಲಿ ಇರುತ್ತಿತ್ತು. ಹೆತ್ತವ್ವ ಕಂಕುಳ ಕೂಸನ್ನು ನೋಡುತ್ತಿದ್ದಾಳೆ. ಅಕ್ಕ ಕೈ ಚಾಚಿ ಆ ಕೂಸಿನ ಪಾದ ಹಿಡಿದಿದ್ದಾಳೆ, ನನ್ನ ತಲೆಯ ಹಿಂದಿನಿಂದ. ಅವರು ಮೂವರೂ ಒಂದು. ಆಗಲೇ, ಆ ಹೊತ್ತಿಗೇ. ನನ್ನ ಮೇಲೆ ಇರುವುದು ಒಂದೇ ಕೈ. ದೊಡ್ಡವ್ವ ನನ್ನ ಹೊಟ್ಟೆಯ ಸುತ್ತ ಹಾಕಿದ ಕೈ. ಯಾರೋ ಕಸಿದುಕೊಂಡಾರು ಎಂಬಂತೆ ಹಿಡಿದಿದ್ದಾಳೆ, ಹೊಸ ಲಂಗ ಅಲ್ಲಿ ಮುದುರಿದೆ.

ನಮ್ಮವರು ನನ್ನ ಮೊಣಕೈ ಮುಟ್ಟಿದರು. ಹುಟ್ಟಿದ ಹಬ್ಬ ಎಂದರೆ ಸಾಕಿತ್ತು. ಆ ಮಾತು ಬಾಯಲ್ಲೇ ಇತ್ತು, ಅದು ತಂಗಿಯ ಮಾತು. ಅವಳ ಹತ್ತಿರ ಮೂರು ಆಲ್ಬಮ್ಮಿತ್ತು. ನನ್ನ ಹತ್ತಿರ ಇದ್ದದ್ದು ಆ ಒಂದು ಕೈ. ಅದನ್ನೂ ಅವಳ ಮಾತಿನಿಂದ ಅಳಿಸಿಬಿಟ್ಟರೆ ನನಗೆ ಉಳಿಯುವುದು ಏನು?

“ನನ್ನ ಉಡ್ಯಾಗ ಹಾಕಿದ ದಿನರಿ,” ಎಂದೆ.

ಕನ್ನಡದಾಕೆಗೆ ತಿಳಿಯಲಿಲ್ಲ. ಬಿಡಿಸಿ ಹೇಳಿದೆ. ಹೆತ್ತವ್ವ ಎತ್ತಿ ಕೊಟ್ಟಳು, ಈಕೆ ತೆಗೆದುಕೊಂಡಳು, ಅವತ್ತಿನಿಂದ ನಾನು ಈಕೆಯ ಮಗಳು. ಕನ್ನಡದಾಕೆ ಅದನ್ನು ಇಂಗ್ಲಿಷಿಗೆ ತಿರುಗಿಸುವ ಮೊದಲು ನನ್ನ ಕಡೆ ಬಾಗಿ, “ದತ್ತು ಅಂತ ಹೇಳಲಾ?” ಎಂದು ಕೇಳಿದಳು. ನನಗೆ ಇನ್ನೊಂದು ಅವಕಾಶ ಕೊಟ್ಟಳೆಂದು ಈಗ ಅನಿಸುತ್ತದೆ.

“ಹೂಂರಿ.”

ಇದನ್ನು ಸತ್ಯನಿಷ್ಠೆ ಎಂದು ಯಾರೂ ತಿಳಿಯಬಾರದು. ಸತ್ಯದ ಯೋಚನೆ ನನಗಿರಲಿಲ್ಲ. ಹೊಟ್ಟೆಕಿಚ್ಚಿನಿಂದ ಹೊರಟವಳು, ಹೊಟ್ಟೆಕಿಚ್ಚಿನಿಂದಲೇ ಹೇಳಿದೆ.

ಅಧಿಕಾರಿ ಒರಟಾಗಿ ಏನೂ ಅನ್ನಲಿಲ್ಲ. ದತ್ತು ಹೋಗಿದ್ದರೆ ಕಾನೂನಿನಲ್ಲಿ ಒಡಹುಟ್ಟಿದವರ ಸಂಬಂಧ ಉಳಿಯುವುದು ಕಷ್ಟ, ಪರಿಶೀಲಿಸಬೇಕು ಎಂದು ಹೇಳಿಸಿದ. ಒಂದು ಹಾಳೆಯ ಜೊತೆ ಪಾಸ್‌ಪೋರ್ಟು, ಫೋಟೋ ಮರಳಿಸಿದ. ಹೊರಗೆ ತಂಗಿ ಕಾಯುತ್ತಿದ್ದಳು.

“ಏನಂದ್ರು?”

“ಖರೆ ಹೇಳಿದೆ.”

“ಹುಟ್ಟಿದ ಹಬ್ಬ ಅನ್ನಲಿಲ್ಲ? ಯಾಕ ಬೇ? ಹೇಳಿಕೊಟ್ಟಿದ್ನಲ್ಲ!” ಎಂದು ರಸ್ತೆಯಲ್ಲೇ ಅತ್ತಳು. ನಟನೆಯ ಅಳು ಅಲ್ಲ, ಮೂಗು ಕೆಂಪಾಗಿತ್ತು. ಮೂವರೂ ಅಲ್ಲಿ ಒಂದೇ ಊರಲ್ಲಿ ಇರಬಹುದೆಂದು ಅವಳು ನಿಜವಾಗಿಯೂ ಎಣಿಸಿದ್ದಳು. ಅಳುವಾಗಲೂ ಅವಳು ಅಕ್ಕನ ಹಾಗೆಯೇ ಕಾಣುತ್ತಿದ್ದಳು. ಅದಕ್ಕೂ ನನಗೆ ಹೊಟ್ಟೆ ಉರಿಯಿತು.

ನಮ್ಮವರು ಒಂದೇ ಮಾತು ಹೇಳಿದರು. “ಆತು ಬಿಡು. ಮಗ್ಗ ಮಾರಿಲ್ಲ ಛಲೋ ಆತು.”

ಬನಹಟ್ಟಿಗೆ ಬಂದಾಗ ದೊಡ್ಡವ್ವ ಕಟ್ಟೆಯ ಮೇಲೆ ಕೂತಿದ್ದಳು. ಚಪ್ಪಲಿ ಬಿಡುವುದರೊಳಗೆ ಕೇಳಿದಳು. ಕಿಟಕಿಯಲ್ಲಿ ಏನು ಕೇಳಿದರು, ನಾನು ಏನು ಹೇಳಿದೆ, ಎಲ್ಲ ಒಂದೂ ಬಿಡದೆ ಹೇಳಿದೆ. ಆಕೆ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

“ನಾ ಅಷ್ಟು ದೂರ ಹೋಗಿ ಸಹಿ ಮಾಡಿ ಬಂದೆ, ನೀ ನನ್ನ ಸುಳ್ಳಿ ಮಾಡಿ ಬಂದಿ?”

“ಹೂಂ.”

“ದೇಶದ ಮುಂದ?”

“ಹೂಂ ಅವ್ವಾ.”

“ನಿನಗ ಬುದ್ಧಿ ಯಾವಾಗ ಬರತೈತೋ!” ಎಂದು ಬೈದಳು. ಬಹಳ ಹೊತ್ತು ಬೈದಳು. ಬೈಯುತ್ತ ಎದ್ದು ಒಲೆ ಹೊತ್ತಿಸಿದಳು, ಹಿಟ್ಟು ನಾದಿದಳು. ಸಂಜೆ ಪಕ್ಕದ ಮನೆಯಾಕೆ ಬಂದು ಏನಾಯಿತೆಂದು ಕೇಳಿದಾಗ, ನಾನು ಒಳಗಿದ್ದೇನೆಂದು ಗೊತ್ತಿದ್ದೂ ಜೋರಾಗಿ ಹೇಳಿದಳು: “ನನ್ನ ಮಗಳಿಗೆ ವೀಸಾ ಕೊಡಲಿಲ್ಲವ್ವಾ. ನನ್ನ ಮಗಳು ಅಂದದ್ದಕ್ಕಽ ಕೊಡಲಿಲ್ಲ.”

ಅರ್ಜಿ ತಿರಸ್ಕಾರವಾಯಿತೆಂದು ಕೆಲವು ತಿಂಗಳ ಮೇಲೆ ಅಕ್ಕನಿಗೆ ತಿಳಿಸಿದರು. ತಂಗಿ ಹೋದಳು. ಈಗ ಅವರಿಬ್ಬರೂ ಒಂದೇ ಅಡಿಗೆಮನೆಯಿಂದ ವಿಡಿಯೋ ಕರೆ ಮಾಡುತ್ತಾರೆ. ಒಬ್ಬಳು ರೊಟ್ಟಿ ತಟ್ಟುತ್ತಿರುತ್ತಾಳೆ, ಇನ್ನೊಬ್ಬಳು ಫೋನ್ ಹಿಡಿದಿರುತ್ತಾಳೆ, ಯಾರ ನಗು ಯಾರದೆಂದು ತಿಳಿಯುವುದಿಲ್ಲ. ಕರೆ ಮುಗಿದ ಮೇಲೆ ನಾನು ಹಿಂದಿನ ಶೆಡ್ಡಿಗೆ ಹೋಗಿ ಮಗ್ಗದ ಸದ್ದಿನಲ್ಲಿ ಕೂಡುತ್ತೇನೆ.

ಮುಂಬೈಯಿಂದ ಮರಳಿದ ದಿನ ರೊಟ್ಟಿ ತಿಂದು ಕೈ ತೊಳೆಯುವಾಗ ದೊಡ್ಡವ್ವ ಗೋಡೆಯ ಖಾಲಿ ಮೊಳೆ ನೋಡಿ ಕೇಳಿದ್ದಳು, “ಫೋಟೋ ತಂದೀಯೋ, ಅದನ್ನೂ ಅಲ್ಲೇ ಕೊಟ್ಟು ಬಂದೀಯೋ?” ಚೀಲದಿಂದ ತೆಗೆದು ಕೊಟ್ಟೆ. ಚೌಕಟ್ಟು ಬಾಗಿಲಲ್ಲೇ ಉಳಿದಿತ್ತು. ಆಕೆ ಸೆರಗಿನಿಂದ ಒರೆಸಿ, ಹೊಸ ಚೌಕಟ್ಟು ಬರುವವರೆಗೆ ಇರಲಿ ಎಂದು ತನ್ನ ಟ್ರಂಕಿನಲ್ಲಿ ಇಟ್ಟು ಕೀಲಿ ಹಾಕಿದಳು.